ಮೊದಲ ಹತ್ತು ಬೈಟು ನೋಡಿದ್ರಾ?

(ಪ್ರೋಗ್ರಾಮಿಂಗ್ ಕಲಿಯುತ್ತಿರುವ ಗೆಳೆಯರ ಮುಂದೆ ಆಡಿದ ಮಾತು. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಆರು ಬೈಟು ಬರೆದಿದ್ದೇನೆ. 70 12 00 00 78 9ಸಿ. ಹೆಕ್ಸ್ ಅಂತೀವಲ್ಲ, ಆ ಹದಿನಾರರ ಲೆಕ್ಕದಲ್ಲಿ ಬರೆದದ್ದು. ಈ ಆರು ಬೈಟು ನನ್ನ ಎರಡು ದಿನ ತಿಂದಿವೆ. ಇವತ್ತಿನ ಮಾತು ಇವುಗಳಿಂದಲೇ ಶುರುವಾಗಲಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ಚಿಕ್ಕ ಕಂಪನಿಯವರು ಅಡಿಕೆ ತೋಟಗಳಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಇಟ್ಟಿದ್ದರು. ದಿನವಿಡೀ ಬಂದ ರೀಡಿಂಗ್‌ಗಳನ್ನು ರಾತ್ರಿ ಒಟ್ಟುಗೂಡಿಸಿ, ಕುಗ್ಗಿಸಿ, ಮೈಎಸ್‌ಕ್ಯೂಎಲ್ ಡೇಟಾಬೇಸಿನ ಒಂದು ಕಾಲಮ್ಮಿಗೆ ಹಾಕುತ್ತಿದ್ದರು. ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಹಳೆಯ ಡೇಟಾ ಅಷ್ಟನ್ನೂ ಪೈಥಾನ್‌ನಲ್ಲಿ ಓದಿ ಗ್ರಾಫ್ ಮಾಡುವ ಕೆಲಸ ನನಗೆ ಬಂತು. ಡೇಟಾ ಕುಗ್ಗಿಸಲು, ಬಿಚ್ಚಲು ಇರುವ ಝಡ್‌ಲಿಬ್ ಅನ್ನುವ ಲೈಬ್ರರಿ ಬಳಸಿ ಕುಗ್ಗಿಸಿದ್ದಾರೆ ಅಂತ ಗೊತ್ತಿತ್ತು. ಪೈಥಾನ್ ಹಾಕಿಕೊಂಡರೆ ಝಡ್‌ಲಿಬ್ ಜೊತೆಗೇ ಬರುತ್ತದೆ. ಅದರ ಡಿಕಂಪ್ರೆಸ್ ಫಂಕ್ಷನ್ನಿಗೆ ಬೈಟು ಕೊಟ್ಟರೆ ಬಿಚ್ಚಿ ಕೊಡುತ್ತದೆ. ಒಂದೇ ಸಾಲಿನ ಕೆಲಸ.

ಆ ಸಾಲು ಓಡಿಸಿದೆ. 'ಎರರ್ ಮೈನಸ್ 3, ಇನ್‌ಕರೆಕ್ಟ್ ಹೆಡರ್ ಚೆಕ್' ಅಂತ ಬಂತು.

ಎರಡು ದಿನ ಏನೇನೋ ಮಾಡಿದೆ. ಪೈಥಾನ್ ಬೇರೆ ಆವೃತ್ತಿ ಹಾಕಿ ನೋಡಿದೆ. ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಬದಲಿಸಿದೆ. ಫಂಕ್ಷನ್ನಿಗೆ ಕೊಡುವ ಸೆಟ್ಟಿಂಗ್ ಒಂದೊಂದೇ ಬದಲಿಸುತ್ತಾ ಹೋದೆ. ಒಂದು ಸೆಟ್ಟಿಂಗ್‌ನಲ್ಲಿ ಎರರ್ ಬದಲಾಗಿ 'ಇನ್‌ವ್ಯಾಲಿಡ್ ಸ್ಟೋರ್ಡ್ ಬ್ಲಾಕ್ ಲೆಂತ್ಸ್' ಅಂತ ಬಂತು. ಎರರ್ ಬದಲಾಯಿತಲ್ಲ, ದಾರಿ ಸರಿ ಇರಬೇಕು ಅಂದುಕೊಂಡು ಅದರ ಹಿಂದೆ ಅರ್ಧ ದಿನ ಹೋಯಿತು. ಎರಡನೇ ದಿನ ಸಂಜೆ ನಮ್ಮ ಸೀನಿಯರ್ ಮೇಡಂ ಹತ್ತಿರ ಬಂದು ನಿಂತರು. ಕೋಡ್ ಕೇಳಲಿಲ್ಲ. "ಮೊದಲ ಹತ್ತು ಬೈಟು ನೋಡಿದ್ರಾ?" ಅಂದರು. "ಇಲ್ಲ ಮೇಡಂ" ಅಂದೆ. "ಮೊದ್ಲು ಅದನ್ನ ಪ್ರಿಂಟ್ ಮಾಡಿ" ಅಂದರು.

ಮಾಡಿದೆ. ಈಗ ನೀವು ನೋಡುತ್ತಿರುವ ಆರು ಬೈಟು ಬಂದವು, ಅವುಗಳ ಹಿಂದೆ ಇನ್ನೊಂದು ನಾಲ್ಕು. ಮೇಡಂ ಐದನೆಯದರ ಮೇಲೆ ಬೆರಳಿಟ್ಟರು. "ನಿಮ್ಮ ಝಡ್‌ಲಿಬ್ ಇಲ್ಲಿಂದ ಶುರು. ಇದಕ್ಕೆ ಮೊದಲಿನ ನಾಲ್ಕು ಬೈಟು ಬೇರೆ ಯಾರದ್ದೋ."

ಸರಿ, ಆ 78 9ಸಿ ಏನು ಅಂತ ನೋಡೋಣ. ಝಡ್‌ಲಿಬ್ ಕುಗ್ಗಿಸಿದ ಡೇಟಾದ ತಲೆಯಲ್ಲಿ ಎರಡು ಬೈಟಿನ ಹೆಡರ್ ಇರುತ್ತದೆ. ಮೊದಲ ಬೈಟಿನ ಕೊನೆಯ ಅಂಕಿ 8 ಅಂದರೆ 'ಒಳಗಿರುವುದು ಡಿಫ್ಲೇಟ್ ಅನ್ನುವ ಕುಗ್ಗಿಸುವ ವಿಧಾನ' ಎಂದು. ಅದರ ಹಿಂದಿನ 7 ಅಂದರೆ, ಅದಕ್ಕೆ 8 ಕೂಡಿಸಿ, 2ರ 15ನೇ ಘಾತ, ಅಂದರೆ 32768 ಬೈಟಿನಷ್ಟು ಹಿಂದೆ ತಿರುಗಿ ನೋಡಬಹುದು ಎಂದು. ಎರಡನೇ ಬೈಟಿನಲ್ಲಿ ಎಷ್ಟು ಶ್ರಮಪಟ್ಟು ಕುಗ್ಗಿಸಿದ್ದಾರೆ ಅನ್ನುವ ಸೂಚನೆ ಇದೆ. ಅದರ ಜೊತೆಗೇ ಒಂದು ತಾಳೆ ಲೆಕ್ಕವೂ ಇದೆ. ಎರಡೂ ಬೈಟನ್ನು ಸೇರಿಸಿ ಒಂದೇ ಸಂಖ್ಯೆ ಅಂತ ಓದಿದರೆ ಅದು 31ರಿಂದ ಶೇಷವಿಲ್ಲದೆ ಭಾಗವಾಗಬೇಕು. ಲೆಕ್ಕ ಮಾಡಿ ನೋಡಿ. 78 ಅಂದರೆ 120, 9ಸಿ ಅಂದರೆ 156. 120ನ್ನು 256ರಿಂದ ಗುಣಿಸಿ 156 ಕೂಡಿಸಿದರೆ 30876. ಅದು ಸರಿಯಾಗಿ 31ರ 996 ಪಟ್ಟು.

ಈಗ ನನ್ನ ಡೇಟಾದ ಮೊದಲ ಎರಡು ಬೈಟು, 70 12. ಅದು 28690. 31ರಿಂದ ಭಾಗಿಸಿದರೆ 15 ಉಳಿಯುತ್ತದೆ. 'ಇನ್‌ಕರೆಕ್ಟ್ ಹೆಡರ್ ಚೆಕ್' ಅಂದರೆ ಇಷ್ಟೇ, 31ರ ಭಾಗಾಕಾರ ತಾಳೆಯಾಗಲಿಲ್ಲ ಅಂತ. ಆ ಎರರ್ ನನಗೆ ಸತ್ಯವನ್ನೇ ಹೇಳುತ್ತಿತ್ತು. ಅದು ಯಾವ ಲೆಕ್ಕದ ಮಾತಾಡುತ್ತಿದೆ ಅಂತ ನಾನು ಕೇಳಿರಲಿಲ್ಲ.

ಹಾಗಾದರೆ 70 12 00 00 ಏನು? ಮೈಎಸ್‌ಕ್ಯೂಎಲ್‌ನಲ್ಲೇ ಕಂಪ್ರೆಸ್ ಅಂತ ಒಂದು ಫಂಕ್ಷನ್ ಇದೆ. ಅದು ಝಡ್‌ಲಿಬ್ ಡೇಟಾದ ಮುಂದೆ, ಬಿಚ್ಚಿದ ಮೇಲೆ ಎಷ್ಟು ಬೈಟು ಆಗುತ್ತದೆ ಅನ್ನುವುದನ್ನು ನಾಲ್ಕು ಬೈಟಿನಲ್ಲಿ ಬರೆದಿಡುತ್ತದೆ. ಚಿಕ್ಕ ಬೈಟು ಮೊದಲು. ಅದರ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ನಾನು ಓದಿರಲಿಲ್ಲ. ತಿರುಗಿಸಿ ಓದಿದರೆ 00 00 12 70, ಅಂದರೆ 4720. ಮೊದಲ ನಾಲ್ಕು ಬೈಟು ಬಿಟ್ಟು ಉಳಿದದ್ದನ್ನು ಕೊಟ್ಟೆ. ತಕ್ಷಣ ಬಿಚ್ಚಿಕೊಂಡಿತು. ಉದ್ದ ನೋಡಿದೆ, 4720. ಆ ಸಂಖ್ಯೆ ತಾಳೆಯಾದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಆ್ಯಪ್ ಬರೆಯಲು ಕ್ಯೂಟಿ ಅನ್ನುವ ಲೈಬ್ರರಿ ಬಳಸುವವರಿಗೂ ಇದೇ ಅನುಭವ ಆಗುತ್ತದೆ. ಅದರ ಕಂಪ್ರೆಸ್ ಫಂಕ್ಷನ್ ಕೂಡ ಮುಂದೆ ನಾಲ್ಕು ಬೈಟಿನ ಉದ್ದ ಅಂಟಿಸುತ್ತದೆ. ಆದರೆ ಅಲ್ಲಿ ದೊಡ್ಡ ಬೈಟು ಮೊದಲು.

ಈಗ ಲಕೋಟೆಯ ಮಾತು. ಡಿಫ್ಲೇಟ್ ಅನ್ನುವುದು ಒಳಗಿನ ಕಾಗದ. ಅದನ್ನು ಹಾಕಿ ಕಳಿಸುವ ಲಕೋಟೆಗಳು ಬೇರೆ ಬೇರೆ. ಮೊದಲನೆಯದು ಲಕೋಟೆಯೇ ಇಲ್ಲದ್ದು, ಬರೀ ಡಿಫ್ಲೇಟ್. ಎರಡನೆಯದು ಝಡ್‌ಲಿಬ್ ಲಕೋಟೆ: ಮುಂದೆ ಎರಡು ಬೈಟು, ಹಿಂದೆ ನಾಲ್ಕು ಬೈಟಿನ ತಾಳೆ. ಮೂರನೆಯದು ಜೀಜಿಪ್: ಮುಂದೆ ಕಡಿಮೆ ಅಂದರೂ ಹತ್ತು ಬೈಟು, ಹಿಂದೆ ಎಂಟು. ಜೀಜಿಪ್ ಅನ್ನು ಗುರುತಿಸುವುದು ಬಹಳ ಸುಲಭ. ಅದು ಯಾವಾಗಲೂ 1ಎಫ್ 8ಬಿ ಅಂತ ಶುರುವಾಗುತ್ತದೆ, ಮೂರನೆಯದು 08. ಜಿಪ್ ಫೈಲಿನಲ್ಲೂ ಸಾಮಾನ್ಯವಾಗಿ ಇದೇ ಕಾಗದ ಇರುತ್ತದೆ, ಆದರೆ ಅದು ಹಲವು ಕಾಗದಗಳ ಕಟ್ಟು. ಶುರುವಿನಲ್ಲಿ 50 4ಬಿ, ಅಂದರೆ 'ಪಿ' 'ಕೆ' ಅನ್ನುವ ಎರಡು ಇಂಗ್ಲಿಷ್ ಅಕ್ಷರ. ಜಿಪ್ ತಂದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು. ಈಗಿನ ರೂಪದ ವರ್ಡ್ ಡಾಕ್ಯುಮೆಂಟು, ಎಕ್ಸೆಲ್ ಶೀಟು, ಫೋನಿನ ಎಪಿಕೆ, ಎಲ್ಲದರ ತಲೆಯಲ್ಲೂ ಈ ಎರಡು ಅಕ್ಷರ ಇವೆ. ಒಂದು ಸಲ ತೆಗೆದು ನೋಡಿ.

ಪೈಥಾನ್‌ನ ಡಿಕಂಪ್ರೆಸ್‌ಗೆ 'ಡಬ್ಲ್ಯುಬಿಟ್ಸ್' ಅಂತ ಒಂದು ಸಂಖ್ಯೆ ಕೊಡಬಹುದು. ಇದನ್ನು ಬಾಯಿಪಾಠ ಮಾಡಿ ತಪ್ಪು ಬರೆಯುವವರೇ ಜಾಸ್ತಿ. ಅರ್ಥ ಮಾಡಿಕೊಂಡರೆ ಪಾಠ ಬೇಕಾಗಿಲ್ಲ. ಆಗಲೇ ಹೇಳಿದ 2ರ 15ನೇ ಘಾತ ಇದೆಯಲ್ಲ, ಆ 15 ಇದು. ಸುಮ್ನೆ 15 ಕೊಟ್ಟರೆ ಝಡ್‌ಲಿಬ್ ಲಕೋಟೆ. ಮೈನಸ್ 15 ಕೊಟ್ಟರೆ ಲಕೋಟೆ ಇಲ್ಲ. 16 ಸೇರಿಸಿ 31 ಕೊಟ್ಟರೆ ಜೀಜಿಪ್. 32 ಸೇರಿಸಿ 47 ಕೊಟ್ಟರೆ ಝಡ್‌ಲಿಬ್ ಅಥವಾ ಜೀಜಿಪ್, ಯಾವುದು ಅಂತ ಅದೇ ನೋಡಿಕೊಳ್ಳುತ್ತದೆ. ನನಗೆ ಬೇರೆ ಎರರ್ ತೋರಿಸಿದ್ದು ಮೈನಸ್ 15. ಲಕೋಟೆ ಇಲ್ಲ ಅಂದಾಗ ಅದು 70ನ್ನೇ ಡಿಫ್ಲೇಟ್ ಅಂತ ಓದಿತು. 70ರ ಕೊನೆಯ ಮೂರು ಬಿಟ್‌ ಸೊನ್ನೆ. ಅಂದರೆ 'ಕುಗ್ಗಿಸದೆ ಹಾಗೇ ಇಟ್ಟ ತುಂಡು' ಎಂದು ಅರ್ಥ. ಅಂಥ ತುಂಡಿನ ಮುಂದೆ ಉದ್ದವನ್ನು ಒಂದು ಸಲ ನೇರವಾಗಿ, ಇನ್ನೊಂದು ಸಲ ಸೊನ್ನೆ-ಒಂದುಗಳನ್ನು ಅದಲುಬದಲು ಮಾಡಿ ಬರೆದಿರಬೇಕು. 12 00 ಮತ್ತು 00 78 ಹಾಗೆ ಹೊಂದುವುದಿಲ್ಲ. ಎರರ್ ಬದಲಾಗಿದ್ದಕ್ಕೆ ಇದೇ ಕಾರಣ. ದಾರಿ ಸರಿ ಇದೆ ಅಂತ ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ಬೇರೆ ಭಾಷೆಗಳಲ್ಲೂ ಇದೇ ಮೂರು ಲಕೋಟೆ, ಹೆಸರು ಮಾತ್ರ ಬೇರೆ. ಗೋ ಭಾಷೆಯಲ್ಲಿ ಫ್ಲೇಟ್, ಝಡ್‌ಲಿಬ್, ಜೀಜಿಪ್ ಅಂತ ಮೂರು ಪ್ರತ್ಯೇಕ ಪ್ಯಾಕೇಜು. ಅದು ನನಗೆ ತುಂಬಾ ಇಷ್ಟ, ಯಾವುದು ಬೇಕು ಅಂತ ನೀವೇ ಯೋಚಿಸಬೇಕಾಗುತ್ತದೆ. ಜಾವಾದ ಇನ್‌ಫ್ಲೇಟರ್‌ಗೆ 'ನೋರ್ಯಾಪ್' ನಿಜ ಅಂತ ಕೊಟ್ಟರೆ ಲಕೋಟೆ ಇಲ್ಲದ್ದನ್ನು ಓದುತ್ತದೆ. ಡಾಟ್‌ನೆಟ್‌ನ ಡಿಫ್ಲೇಟ್‌ಸ್ಟ್ರೀಮ್ ಯಾವಾಗಲೂ ಲಕೋಟೆ ಇಲ್ಲದ್ದು. ವೆಬ್ಬಿನಲ್ಲಿ 'ಡಿಫ್ಲೇಟ್' ಅಂತ ಹೆಸರಿಟ್ಟು ಬರುವುದರದ್ದು ಇನ್ನೊಂದು ಗೊಂದಲ. ನಿಯಮದ ಪ್ರಕಾರ ಅದು ಝಡ್‌ಲಿಬ್ ಲಕೋಟೆಯಲ್ಲಿರಬೇಕು. ಕೆಲವು ಸರ್ವರ್‌ಗಳು ಬರೀ ಕಾಗದವನ್ನೇ ಕಳಿಸುತ್ತಿದ್ದವು. ಹಾಗಾಗಿ ಎರಡನ್ನೂ ಒಪ್ಪಿಕೊಳ್ಳುವಂತೆ ಕೋಡ್ ಬರೆಯಬೇಕಾಗುತ್ತದೆ.

ಇಲ್ಲಿ ಇತಿಹಾಸ ಒಂಚೂರು ಹೇಳಲೇಬೇಕು. 1977ರಲ್ಲಿ ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 'ಹಿಂದೆ ಬಂದದ್ದೇ ಮತ್ತೆ ಬಂದರೆ ಬರೆಯಬೇಡ, ಎಲ್ಲಿದೆ ಅಂತ ತೋರಿಸು' ಅನ್ನುವ ಉಪಾಯ ಕೊಟ್ಟರು. ಅದಕ್ಕೂ 25 ವರ್ಷ ಮೊದಲು, 1952ರಲ್ಲಿ, ಡೇವಿಡ್ ಹಫ್‌ಮನ್ 'ಜಾಸ್ತಿ ಬರುವ ಅಕ್ಷರಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು' ಅನ್ನುವುದರ ಸರಿಯಾದ ಲೆಕ್ಕ ಹಾಕಿದ್ದರು. ಆಗ ಅವರಿನ್ನೂ ವಿದ್ಯಾರ್ಥಿ. ಈ ಎರಡನ್ನೂ ಕೂಡಿಸಿ ಡಿಫ್ಲೇಟ್ ಮಾಡಿದವರು ಫಿಲ್ ಕಾಟ್ಜ್. ಆಗ ಚಾಲ್ತಿಯಲ್ಲಿದ್ದ ಇನ್ನೊಂದು ವಿಧಾನಕ್ಕೆ ಪೇಟೆಂಟ್ ತಕರಾರು ಇತ್ತು. ಜಿಫ್ ಚಿತ್ರಗಳ ವಿಷಯದಲ್ಲಿ ಅದು ದೊಡ್ಡ ಗಲಾಟೆಯೇ ಆಯಿತು. ಹಾಗಾಗಿ ಜಾನ್‌ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಯಾರು ಬೇಕಾದರೂ ಬಳಸಬಹುದಾದ ಕೋಡ್ ಬರೆದರು. 1992ರಲ್ಲಿ ಜೀಜಿಪ್, 1995ರಲ್ಲಿ ಝಡ್‌ಲಿಬ್. ಪಿಎನ್‌ಜಿ ಚಿತ್ರಗಳಿಗಾಗಿ ಶುರುವಾದ ಝಡ್‌ಲಿಬ್ ಇವತ್ತು ನಿಮ್ಮ ಜೇಬಿನ ಫೋನಿನಲ್ಲೂ ಇದೆ. 1996ರ ಮೇ ತಿಂಗಳಲ್ಲಿ ಮೂರೂ ರೂಪಗಳ ವಿವರಣೆ, ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಾದ ಆರ್‌ಎಫ್‌ಸಿಗಳ ಸಾಲಿನಲ್ಲಿ, 1950, 1951, 1952 ಅನ್ನುವ ಕ್ರಮಸಂಖ್ಯೆಯಲ್ಲಿ ಹೊರಬಂತು. ಮೂರೂ ಚಿಕ್ಕವು. ಓದಿ, ಅರ್ಥವಾಗುತ್ತವೆ. ಇಷ್ಟು ದೊಡ್ಡ ಉಪಕಾರವನ್ನು ಒಂದು ಪೈಸೆ ಕೇಳದೆ ಮಾಡಿದವರನ್ನು ನಾವು ಹೆಸರು ಹಿಡಿದು ನೆನೆಯಬೇಕು ಅಂತ ನನಗನಿಸುತ್ತದೆ.

ಈಗ ಕಾಗದವನ್ನೇ ತೆರೆಯೋಣ. ಪೆನ್ನು ಹಾಳೆ ಇದ್ದರೆ ತೆಗೆದುಕೊಳ್ಳಿ. ಇಂಗ್ಲಿಷಿನ ಸಣ್ಣ 'ಎ', ಆ ಒಂದೇ ಅಕ್ಷರವನ್ನು ಝಡ್‌ಲಿಬ್‌ನಲ್ಲಿ ಕುಗ್ಗಿಸಿದರೆ ಬರುವುದು ಒಂಬತ್ತು ಬೈಟು. 78 9ಸಿ, 4ಬಿ 04 00, 00 62 00 62. ಒಂದು ಬೈಟು ಒಂಬತ್ತಾಯಿತು. ತೀರಾ ಚಿಕ್ಕದನ್ನು ಕುಗ್ಗಿಸಿದರೆ ದೊಡ್ಡದೇ ಆಗುತ್ತದೆ, ಅದು ನೆನಪಿರಲಿ.

ಮೊದಲ ಎರಡು ಗೊತ್ತಾಯಿತು. ನಡುವಿನ ಮೂರು ಬೈಟು ಡಿಫ್ಲೇಟ್. ಡಿಫ್ಲೇಟ್ ಪ್ರತಿ ಬೈಟನ್ನೂ ಬಲದಿಂದ ಎಡಕ್ಕೆ ಓದುತ್ತದೆ. 4ಬಿ ಅಂದರೆ 01001011. ಬಲದಿಂದ ಓದಿ: 1, 1, 0, 1, 0, 0, 1, 0. ಮೊದಲ 1 ಅಂದರೆ 'ಇದೇ ಕೊನೆಯ ತುಂಡು'. ಮುಂದಿನ ಎರಡು, 1 ಮತ್ತು 0, ಸೇರಿ 1 ಅನ್ನುವ ಸಂಖ್ಯೆ. ಅಂದರೆ 'ಮೊದಲೇ ಗೊತ್ತಿರುವ ಕೋಷ್ಟಕ ಬಳಸಿದ್ದೇನೆ' ಅಂತ. ಅಲ್ಲಿ 2 ಇದ್ದರೆ ಕೋಷ್ಟಕವನ್ನು ಡೇಟಾದೊಳಗೇ ಕಳಿಸಿದ್ದಾರೆ ಎಂದು. 0 ಇದ್ದರೆ ಕುಗ್ಗಿಸಿಯೇ ಇಲ್ಲ. ಉಳಿದ ಬಿಟ್‌ಗಳು 10010. ಮುಂದಿನ ಬೈಟು 04, ಬಲದಿಂದ ಓದಿದರೆ 0, 0, 1, ಆಮೇಲೆ ಐದು ಸೊನ್ನೆ. ಮೊದಲ ಮೂರನ್ನು ಹಿಂದಿನ ಐದಕ್ಕೆ ಸೇರಿಸಿ: 10010001. ಅದು 145. ಕೋಷ್ಟಕದ ನಿಯಮದಂತೆ 48 ಕಳೆಯಿರಿ. 97. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 97 ಯಾವುದು? ಸಣ್ಣ 'ಎ'. ಉಳಿದದ್ದು ಐದು ಸೊನ್ನೆ, ಮುಂದಿನ ಬೈಟಿನಿಂದ ಇನ್ನೆರಡು. ಏಳು ಸೊನ್ನೆ ಬಂದರೆ ತುಂಡು ಮುಗಿಯಿತು ಅಂತ.

ಕೊನೆಯ ನಾಲ್ಕು ಬೈಟು ತಾಳೆ. ಆಡ್ಲರ್ ಅವರ ಹೆಸರಿನಲ್ಲೇ ಇರುವ ಲೆಕ್ಕ ಇದು. ಎರಡು ಮೊತ್ತ ಇಟ್ಟುಕೊಳ್ಳಬೇಕು. ಮೊದಲನೆಯದು 1ರಿಂದ ಶುರು, ಎರಡನೆಯದು 0ಯಿಂದ. ಪ್ರತಿ ಬೈಟನ್ನೂ ಮೊದಲನೆಯದಕ್ಕೆ ಕೂಡಿಸಿ, ಬಂದದ್ದನ್ನು ಎರಡನೆಯದಕ್ಕೆ ಕೂಡಿಸಿ. ಮೊತ್ತ 65521 ಮುಟ್ಟಿದರೆ ಅಷ್ಟನ್ನು ಕಳೆಯಬೇಕು. ನಮ್ಮದರಲ್ಲಿ 1 ಮತ್ತು 97 ಸೇರಿ 98. ಎರಡನೆಯದೂ 98. ಹೆಕ್ಸ್‌ನಲ್ಲಿ 98 ಅಂದರೆ 62. 00 62 00 62, ಸರಿಹೋಯಿತು ಅಲ್ವಾ? ನೀವು ಈಗ ಕೈಯಲ್ಲೇ ಒಂದು ಝಡ್‌ಲಿಬ್ ಡೇಟಾ ಬಿಚ್ಚಿದಿರಿ. ಕಂಪ್ಯೂಟರ್ ಮಾಡುವುದೂ ಇಷ್ಟನ್ನೇ.

ಆದರೆ ಇದರಲ್ಲಿ ಲೆಂಪೆಲ್-ಝಿವ್ ಉಪಾಯ ಕಾಣಲಿಲ್ಲ. ಅದಕ್ಕೆ ಕನ್ನಡದ ಉದಾಹರಣೆ ತೆಗೆದುಕೊಳ್ಳೋಣ. 'ಹನಿ ' ಅಂತ, ಕೊನೆಗೊಂದು ಜಾಗ ಬಿಟ್ಟು, ನಾಲ್ಕು ಸಲ ಬರೆಯಿರಿ. ಅಕ್ಷರಗಳನ್ನು ಬೈಟಾಗಿ ಬರೆಯುವ ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಹ ಒಂದು, ನ ಒಂದು, ಗುಡಿಸು ಒಂದು. ಹೌದು, ಗುಡಿಸೂ ಬೇರೆಯೇ ಚಿಹ್ನೆ. ಒಂಬತ್ತು ಬೈಟಾಯಿತು. ಖಾಲಿ ಜಾಗಕ್ಕೆ ಒಂದು, ಒಟ್ಟು ಹತ್ತು. ನಾಲ್ಕು ಸಲಕ್ಕೆ ನಲವತ್ತು ಬೈಟು. ಡಿಫ್ಲೇಟ್ ಮೊದಲ ಹತ್ತನ್ನು ಹಾಗೇ ಬರೆದು, ಆಮೇಲೆ ಒಂದೇ ಮಾತು ಹೇಳುತ್ತದೆ: 'ಹತ್ತು ಬೈಟು ಹಿಂದೆ ಹೋಗು, ಅಲ್ಲಿಂದ ಮೂವತ್ತು ಬೈಟು ನಕಲು ಮಾಡು.'

ಸ್ವಲ್ಪ ತಡೆಯಿರಿ. ಹಿಂದೆ ಇರುವುದೇ ಹತ್ತು ಬೈಟು. ಮೂವತ್ತು ಎಲ್ಲಿಂದ ಬರಬೇಕು?

ಇಲ್ಲೇ ಚೆಂದ ಇರುವುದು. ಒಂದೊಂದೇ ಬೈಟು ನಕಲು ಮಾಡುತ್ತಾ ಹೋಗಿ. ಹತ್ತು ನಕಲಾಗುವ ಹೊತ್ತಿಗೆ ಹನ್ನೊಂದನೆಯದು ನೀವೇ ಈಗಷ್ಟೇ ಬರೆದದ್ದರಲ್ಲಿ ಸಿಗುತ್ತದೆ. ನಾನು ಕಲಿಯಲಿಕ್ಕೆ ಅಂತ ಸ್ವಂತ ಡಿಫ್ಲೇಟ್ ಬರೆದಾಗ ಪೈಥಾನ್‌ನಲ್ಲಿ ಕೊನೆಯ ಹತ್ತನ್ನು ಒಂದೇ ಸಲ ತುಂಡರಿಸಿ ಅಂಟಿಸಿದ್ದೆ. ಮೂವತ್ತರ ಬದಲು ಹತ್ತೇ ಬಂತು, ಎರಡು ಹನಿ ಮಾಯ. ಎರರ್ ಏನೂ ಇಲ್ಲ, ಉದ್ದ ಮಾತ್ರ ಕಡಿಮೆ. ಕೊನೆಯ ತಾಳೆ ಲೆಕ್ಕ ನೋಡಿದ್ದರಿಂದ ಸಿಕ್ಕಿಬಿತ್ತು. ನೀವೂ ಒಂದು ಸಲ ಸ್ವಂತವಾಗಿ ಬರೆದು ನೋಡಿ. ಇನ್ನೂರು ಮುನ್ನೂರು ಸಾಲಿನೊಳಗೆ ಆಗುತ್ತದೆ.

ಒಂದು ನಕಲು ಹೆಚ್ಚೆಂದರೆ 258 ಬೈಟು, ಹಿಂದೆ ನೋಡುವುದು ಹೆಚ್ಚೆಂದರೆ 32768 ಬೈಟು. ಇಂಗ್ಲಿಷಿಗೆ ಅದು 32 ಸಾವಿರ ಅಕ್ಷರ. ಕನ್ನಡಕ್ಕೆ ಸುಮಾರು 11 ಸಾವಿರ ಚಿಹ್ನೆ ಅಷ್ಟೇ. ಹಿಂದೆ ನೋಡುವ ನಮ್ಮ ಕಿಟಕಿ ಮೂರನೇ ಒಂದು ಭಾಗ. ದೊಡ್ಡ ಕನ್ನಡ ಫೈಲುಗಳಿಗೆ ಬೀಜಿಪ್2, ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್ ಇಂಥವನ್ನು ಬಳಸಿ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಅವು ಇನ್ನೂ ದೂರ ನೋಡುತ್ತವೆ. ಝಡ್‌ಸ್ಟ್ಯಾಂಡರ್ಡ್ ಈಗ ಪೈಥಾನ್ 3.14ರಿಂದ ಜೊತೆಗೇ ಬರುತ್ತದೆ.

ಇನ್ನು ನಾನು ಜೋರಾಗಿ ಹೇಳಬೇಕಾದ ಮಾತು. ಕುಗ್ಗಿಸಿದ ಡೇಟಾವನ್ನು ಯಾವತ್ತೂ ಪಠ್ಯ ಅಂತ ಮುಟ್ಟಬೇಡಿ. ಫೈಲು ತೆರೆಯುವಾಗ ಬೈನರಿ ಅಂತ ಹೇಳಿ ತೆರೆಯಿರಿ. ಪೈಥಾನ್‌ನಲ್ಲಿ ಅದು 'ಆರ್‌ಬಿ'. ಮರೆತು ಬರೀ 'ಆರ್' ಹಾಕಿದರೆ ಜೀಜಿಪ್ ಫೈಲಿಗೆ ಸಾಮಾನ್ಯವಾಗಿ ಒಂದು ಎರರ್ ಬರುತ್ತದೆ: 'ಸ್ಥಾನ 1ರಲ್ಲಿ 8ಬಿ ಬೈಟನ್ನು ಯುಟಿಎಫ್-8 ಓದಲಾರದು.' ಇದನ್ನು ನೋಡಿದ ಕೂಡಲೇ ಇದು ಜೀಜಿಪ್ ಅಂತ ನೀವು ಹೇಳಬಹುದು. ಸ್ಥಾನ ಸೊನ್ನೆಯಲ್ಲಿ 1ಎಫ್ ಇದೆ, ಅದು ಆಸ್ಕಿಯ ಒಳಗಿನದೇ, ತಕರಾರಿಲ್ಲ. ಎರಡನೆಯ 8ಬಿ ಯುಟಿಎಫ್-8ರಲ್ಲಿ ಒಂದು ಅಕ್ಷರದ ಶುರುವಾಗಲು ಬರುವುದಿಲ್ಲ.

ಆ ಎರರ್ ಕಂಡು ಎಷ್ಟೋ ಜನ ಮಾಡುವುದೇನು? 'ಇಗ್ನೋರ್' ಅಥವಾ 'ರಿಪ್ಲೇಸ್' ಅಂತ ಸೇರಿಸುತ್ತಾರೆ. ಎರರ್ ಹೋಗುತ್ತದೆ. ಡೇಟಾವೂ ಹೋಗುತ್ತದೆ. ರಿಪ್ಲೇಸ್ ಅಂದರೆ ಓದಲಾಗದ ಬೈಟಿನ ಜಾಗದಲ್ಲಿ ಪ್ರಶ್ನೆಗುರುತಿನ ಒಂದು ಚಿಹ್ನೆ ಕೂರಿಸುವುದು. ಅದನ್ನು ಮತ್ತೆ ಫೈಲಿಗೆ ಬರೆದರೆ ಇಎಫ್ ಬಿಎಫ್ ಬಿಡಿ ಅನ್ನುವ ಮೂರು ಬೈಟು ಬೀಳುತ್ತವೆ. ನಿಮಗೆ ಯಾರಾದರೂ ಕೊಟ್ಟ ಕುಗ್ಗಿದ ಫೈಲಿನಲ್ಲಿ ಈ ಮೂರು ಬೈಟು ಮತ್ತೆ ಮತ್ತೆ ಕಂಡರೆ, ಬಿಚ್ಚುವ ಪ್ರಯತ್ನ ಅಲ್ಲಿಗೇ ಬಿಡಿ. ಮೂಲ ಫೈಲು ಮತ್ತೆ ಕೇಳಿ. ಅಲ್ಲಿದ್ದ ಬೈಟು ಯಾವುದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಪಿಎನ್‌ಜಿ ಮಾಡಿದವರು ಈ ಅನಾಹುತವನ್ನು ಮೊದಲೇ ಯೋಚಿಸಿದ್ದರು. ಅದರ ಮೊದಲ ಎಂಟು ಬೈಟಿನಲ್ಲಿ 0ಡಿ 0ಎ ಅನ್ನುವ ಸಾಲು ಮುಗಿಸುವ ಗುರುತನ್ನೂ, ಸ್ವಲ್ಪ ಮುಂದೆ ಒಂಟಿ 0ಎಯನ್ನೂ ಬೇಕೆಂದೇ ಇಟ್ಟಿದ್ದಾರೆ. ಪಠ್ಯ ಅಂತ ಯಾರಾದರೂ ಕೈ ಹಾಕಿದರೆ ಈ ಗುರುತೇ ಕೆಡುತ್ತದೆ, ಫೈಲು ಕೆಟ್ಟದ್ದು ತಕ್ಷಣ ಗೊತ್ತಾಗುತ್ತದೆ.

ಜೇಸನ್ ಅನ್ನುವ ಪಠ್ಯ ರೂಪದ ಒಳಗೆ ಬೈಟು ಕಳಿಸಬೇಕಾದರೆ ಬೇಸ್64 ಮಾಡಿ, ಅಂದರೆ ಬೈಟನ್ನು ಮಾಮೂಲಿ ಅಕ್ಷರಗಳಾಗಿ ಬರೆದು, ಕಳಿಸಿ. ಬೇಸ್64 ಪಠ್ಯ 'ಎಚ್, 4, ಎಸ್, ಐ' ಅಂತ ಶುರುವಾದರೆ ಒಳಗಿರುವುದು ಜೀಜಿಪ್. ಇದು ನೆನಪಿದ್ದರೆ ಲಾಗ್ ಓದುವಾಗ ಬಹಳ ಉಪಯೋಗ.

ದೊಡ್ಡ ಫೈಲು ಬಂದಾಗ ಒಂದೇ ಸಲಕ್ಕೆ ಬಿಚ್ಚಬೇಡಿ. ಡಿಫ್ಲೇಟ್ ಹೆಚ್ಚೆಂದರೆ 1032 ಪಟ್ಟು ಹಿಗ್ಗಬಲ್ಲದು. ಹತ್ತು ಎಂಬಿ ಫೈಲು ಹತ್ತು ಜಿಬಿ ಆಗಬಹುದು. ಬೇಕೆಂದೇ ಹೀಗೆ ಮಾಡಿ ಕಳಿಸುವವರಿದ್ದಾರೆ. 42 ಡಾಟ್ ಜಿಪ್ ಅನ್ನುವ ಫೈಲಿದೆ. 42 ಕೆಬಿ. ಜಿಪ್ ಒಳಗೆ ಜಿಪ್ ಇಟ್ಟು, ಎಲ್ಲವನ್ನೂ ಬಿಚ್ಚಿದರೆ 4.5 ಪೆಟಾಬೈಟ್ ಆಗುವಂತೆ ಮಾಡಿದ್ದಾರೆ. ಹೊರಗಿನವರು ಕೊಟ್ಟ ಫೈಲನ್ನು ಬಿಚ್ಚುವಾಗ ಪೈಥಾನ್‌ನ 'ಡಿಕಂಪ್ರೆಸ್‌ಆಬ್ಜ್' ಬಳಸಿ, ಒಂದು ಸಲಕ್ಕೆ ಇಷ್ಟೇ ಹೊರಗೆ ಬರಲಿ ಅಂತ ಮಿತಿ ಹಾಕಿ. ಜೀಜಿಪ್ ಕೊನೆಯಲ್ಲಿ ಮೂಲ ಉದ್ದ ಬರೆದಿರುತ್ತದೆ ನಿಜ. ಅದನ್ನು ನಂಬಿ ಮಿತಿ ಹಾಕಬೇಡಿ. ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, 4 ಜಿಬಿ ದಾಟಿದರೆ ಆ ಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಇದರಲ್ಲೊಂದು ಗುಂಡಿ ಇದೆ, ಹುಷಾರು. ಒಂದೇ ಸಲಕ್ಕೆ ಬಿಚ್ಚುವ ಫಂಕ್ಷನ್, ಫೈಲು ಅರ್ಧಕ್ಕೇ ತುಂಡಾಗಿದ್ದರೆ 'ಎರರ್ ಮೈನಸ್ 5' ಅಂತ ಕೂಗುತ್ತದೆ. ತುಂಡು ತುಂಡಾಗಿ ಬಿಚ್ಚುವ ಆಬ್ಜೆಕ್ಟ್ ಕೂಗುವುದಿಲ್ಲ. ಇನ್ನೂ ಡೇಟಾ ಬರುತ್ತದೇನೋ ಅಂತ ಸುಮ್ಮನೆ ಕಾಯುತ್ತದೆ. ನಿಮ್ಮ ಲೂಪ್ ಮುಗಿಯುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ತಾಳೆ ಲೆಕ್ಕ ಇರುವುದು ಕೊನೆಯಲ್ಲಿ, ಅಲ್ಲಿಗೆ ತಲುಪಿಯೇ ಇರುವುದಿಲ್ಲ. ಅದಕ್ಕೇ ಲೂಪ್ ಮುಗಿದ ಮೇಲೆ ಆ ಆಬ್ಜೆಕ್ಟ್‌ನ 'ಇಒಎಫ್', ಅಂದರೆ ಕೊನೆ ಮುಟ್ಟಿತು ಅನ್ನುವ ಗುರುತು, ನಿಜವೇ ಅಂತ ಕೇಳಲೇಬೇಕು. 'ಅನ್‌ಯೂಸ್ಡ್ ಡೇಟಾ'ದಲ್ಲಿ ಏನಾದರೂ ಉಳಿದಿದೆಯಾ ಅಂತಲೂ ನೋಡಿ. ಎರಡು ಜೀಜಿಪ್ ಫೈಲನ್ನು ಒಂದರ ಹಿಂದೆ ಒಂದು ಅಂಟಿಸಿದರೆ ಅದೂ ಸರಿಯಾದ ಜೀಜಿಪ್ ಫೈಲೇ. ಲಾಗ್ ಫೈಲುಗಳನ್ನು ಹೀಗೆ ಅಂಟಿಸುವುದು ಮಾಮೂಲು. ಆದರೆ ಆಬ್ಜೆಕ್ಟ್ ಮೊದಲನೆಯದು ಮುಗಿದ ಕೂಡಲೇ ನಿಲ್ಲುತ್ತದೆ. ಉಳಿದದ್ದಕ್ಕೆ ಹೊಸ ಆಬ್ಜೆಕ್ಟ್ ಬೇಕು.

ಈಗ ನಮ್ಮ ಕನ್ನಡದ್ದೇ ಒಂದು ತೊಂದರೆ. ತುಂಡು ತುಂಡಾಗಿ ಬಿಚ್ಚುತ್ತಿದ್ದೀರಿ, ಪ್ರತಿ ತುಂಡು 65536 ಬೈಟು ಅಂದುಕೊಳ್ಳಿ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ತುಂಡಿನ ತುಂಬ ಬರೀ ಕನ್ನಡ ಇದ್ದರೆ ಕೊನೆಯಲ್ಲಿ ಒಂದು ಚಿಹ್ನೆಯ ಮೂರನೇ ಒಂದು ಭಾಗ ನೇತಾಡುತ್ತಿರುತ್ತದೆ. ಬರೀ ಇ0. ಉಳಿದ ಎರಡು ಬೈಟು ಮುಂದಿನ ತುಂಡಿನಲ್ಲಿ. ಪ್ರತಿ ತುಂಡನ್ನೂ ಅಲ್ಲಲ್ಲೇ ಪಠ್ಯ ಮಾಡಲು ಹೋದರೆ ಎರರ್ ಬರುತ್ತದೆ. ಇಗ್ನೋರ್ ಹಾಕಿದರೆ ಆ ಚಿಹ್ನೆಯೇ ಬಿದ್ದುಹೋಗುತ್ತದೆ. 'ಹನಿ' ಇದ್ದದ್ದು 'ಹನ' ಆಗುತ್ತದೆ. ಅರ್ಧಾಕ್ಷರದ ಗುರುತು ಬಿದ್ದರೆ 'ಅಕ್ಕ' ಹೋಗಿ 'ಅಕಕ' ಆಗುತ್ತದೆ. 64 ಕೆಬಿಗೆ ಒಂದು ತಪ್ಪು. ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಯಾರೋ ಹುಡುಕಿದಾಗ ಆ ಪದ ಸಿಗುವುದಿಲ್ಲ. ಇಂಗ್ಲಿಷ್ ಡೇಟಾದಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಎಂದೂ ಕಾಣಿಸಿಕೊಳ್ಳದು. ನಾವೇ ನೋಡಿಕೊಳ್ಳಬೇಕು. ಪರಿಹಾರ ಸುಲಭ. ಪೈಥಾನ್‌ನಲ್ಲಿ 'ಇನ್‌ಕ್ರಿಮೆಂಟಲ್ ಡಿಕೋಡರ್' ಇದೆ, ಅರ್ಧ ಉಳಿದ ಬೈಟನ್ನು ಅದು ಮುಂದಿನ ತುಂಡು ಬರುವ ತನಕ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಸುಲಭ ಬೇಕಾದರೆ ಜೀಜಿಪ್ ಅಥವಾ ಬೀಜಿಪ್2 ಮಾಡ್ಯೂಲಿನ ಓಪನ್ ಬಳಸಿ, ಪಠ್ಯವಾಗಿ ಬೇಕು, ಯುಟಿಎಫ್-8 ಅಂತ ಹೇಳಿ. ಬಿಚ್ಚುವುದು, ಹಿಡಿದಿಡುವುದು ಎರಡನ್ನೂ ಅದೇ ಮಾಡುತ್ತದೆ.

ಮಾತು ಮುಗಿಸುವಾಗ ಒಬ್ಬ ಹುಡುಗಿ ಕೇಳಿದಳು: "ಸರ್, ಕನ್ನಡ ವಿಕಿಪೀಡಿಯದ ಡಂಪ್ ಡೌನ್‌ಲೋಡ್ ಮಾಡಿದ್ದೆ, ನಡುವೆ ಕರೆಂಟ್ ಹೋಯ್ತು. ಅರ್ಧ ಫೈಲಿದೆ. ಏನಾದ್ರೂ ಸಿಗುತ್ತಾ?"

ಸಿಗುತ್ತದೆ. ಆ ಡಂಪ್, ಅಂದರೆ ಎಲ್ಲ ಲೇಖನಗಳನ್ನೂ ತುಂಬಿದ ಫೈಲು, ಬೀಜಿಪ್2 ರೂಪದಲ್ಲಿರುತ್ತದೆ. ಜೂಲಿಯನ್ ಸೆವರ್ಡ್ 1996ರಲ್ಲಿ ಮಾಡಿದ್ದು. ಡಿಫ್ಲೇಟ್ ಹಾಗೆ ಉದ್ದಕ್ಕೂ ಹಿಂದೆ ನೋಡುತ್ತಾ ಹೋಗುವುದಿಲ್ಲ, ಹೆಚ್ಚೆಂದರೆ 900 ಸಾವಿರ ಬೈಟಿನ ದೊಡ್ಡ ದೊಡ್ಡ ತುಂಡು ಮಾಡಿ ಒಂದೊಂದನ್ನೂ ಬೇರೆಯಾಗಿ ಕುಗ್ಗಿಸುತ್ತದೆ. ಪ್ರತಿ ತುಂಡಿನ ತಲೆಯಲ್ಲೂ ಒಂದು ಗುರುತು: 31 41 59 26 53 59. ಓದಿ ನೋಡಿ. ಗಣಿತದ ಪೈ! ಅದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಈ ಗುರುತನ್ನು ಹುಡುಕುತ್ತಾ ಹೋಗಿ ಒಂದೊಂದು ತುಂಡನ್ನೂ ಬೇರೆ ಫೈಲು ಮಾಡಿಕೊಡುವ 'ಬೀಜಿಪ್2ರಿಕವರ್' ಅನ್ನುವ ಪ್ರೋಗ್ರಾಂ ಬೀಜಿಪ್2 ಜೊತೆಗೇ ಬರುತ್ತದೆ. ಪೂರ್ತಿ ಬಂದ ತುಂಡುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ವಿಕಿಪೀಡಿಯದವರು 'ಮಲ್ಟಿಸ್ಟ್ರೀಮ್' ಅಂತ ಇನ್ನೊಂದು ರೂಪವನ್ನೂ ಕೊಡುತ್ತಾರೆ. ಅದರಲ್ಲಿ ನೂರು ನೂರು ಪುಟಕ್ಕೆ ಒಂದೊಂದು ಪ್ರತ್ಯೇಕ ಬೀಜಿಪ್2, ಜೊತೆಗೆ ಯಾವ ಪುಟ ಎಲ್ಲಿದೆ ಅನ್ನುವ ಪಟ್ಟಿ. ಬೇಕಾದ ಲೇಖನಕ್ಕೆ ನೇರ ಹೋಗಬಹುದು. ಮುಂದಿನ ಸಲ ಅದನ್ನೇ ಇಳಿಸಿಕೊ ಅಂದೆ.

ಇವತ್ತು ರಾತ್ರಿ ಮನೆಯಲ್ಲಿ ಮಾಡಲಿಕ್ಕೆ ಒಂದು ಕೆಲಸ ಕೊಡುತ್ತೇನೆ. ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಎಲ್ಲರ ಹತ್ತಿರವೂ ಇದೆ. 'ಕನ್ನಡ' ಅಂತ ಒಂದೇ ಪದ ಬರೆದು, ಎಂಟರ್ ಒತ್ತಿ, ಯುಟಿಎಫ್-8ರಲ್ಲಿ ಫೈಲು ಉಳಿಸಿ, ಗಿಟ್‌ಗೆ ಸೇರಿಸಿ. ಆಮೇಲೆ ಡಾಟ್ ಗಿಟ್ ಫೋಲ್ಡರಿನ ಆಬ್ಜೆಕ್ಟ್ಸ್ ಒಳಗೆ ಹೋಗಿ. ಎರಡಕ್ಷರದ ಹೆಸರಿನ ಫೋಲ್ಡರು, ಅದರೊಳಗೆ 38 ಅಕ್ಷರದ ಹೆಸರಿನ ಫೈಲು. ಬೈನರಿ ಅಂತ ತೆರೆದು ಮೊದಲ ಹತ್ತು ಬೈಟು ಪ್ರಿಂಟ್ ಮಾಡಿ. 78 01 ಅಂತ ಇರುತ್ತದೆ. 31ರಿಂದ ಭಾಗಿಸಿ ನೋಡಿ, 991 ಬರುತ್ತದೆ. ಝಡ್‌ಲಿಬ್‌ನಿಂದ ಬಿಚ್ಚಿ. 'ಬ್ಲಾಬ್ 16' ಅನ್ನುವ ಮಾತು, ಒಂದು ಸೊನ್ನೆ ಬೈಟು, ಅದರ ಹಿಂದೆ ನಿಮ್ಮ ಪದ. ಆ 16 ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು. ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಐದು ಮೂರಲಿ ಹದಿನೈದು, ಎಂಟರ್‌ದು ಒಂದು.